ಒಂದು ಗುಂಡಿ, ನೂರು ಯಂತ್ರ

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯಿರಲಿ, ಆಚೀಚೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿರಲಿ, ಕೊಳವೆಬಾವಿ ನಂಬಿದ ರೈತನಿಗೆ ತ್ರೀಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೇ ದಿನದ ದೊಡ್ಡ ಸುದ್ದಿ. ಪಾಳಿಯ ಮೇಲೆ ಬರುವ ಕರೆಂಟು ಅಪರಾತ್ರಿಯಲ್ಲಿ ಬಂದರೆ ಟಾರ್ಚು ಹಿಡಿದು, ಹಾವು ಚೇಳಿನ ಭಯದಲ್ಲೇ ತೋಟಕ್ಕೆ ಓಡಬೇಕು. ಈ ಪಾಡು ತಪ್ಪಲೆಂದು ಆಟೋ ಸ್ಟಾರ್ಟರ್ ಬಂತು. ಕರೆಂಟು ಬಂದ ಕೂಡಲೇ ಮೋಟರು ತಾನಾಗಿ ಓಡತೊಡಗಿತು. ಅದರ ಬೆನ್ನಿಗೇ ಮೊಬೈಲ್ ಸ್ಟಾರ್ಟರ್ ಕೂಡ ಬಂತು. ಮನೆಯ ಜಗಲಿಯಲ್ಲಿ ಕುಳಿತು ಫೋನಿನ ಗುಂಡಿ ಒತ್ತಿದರೆ ಎರಡು ಮೈಲಿ ದೂರದ ಪಂಪು ನೀರೆತ್ತುತ್ತದೆ.

ಅನುಕೂಲವೇನೋ ಆಯಿತು. ಆದರೆ ಅದರ ಹಿಂದೆಯೇ ಒಂದು ತಾಪತ್ರಯವೂ ಬಂತು. ಮೋಟರು ಹೊರಡುವಾಗ ಎಳೆಯುವ ಕರೆಂಟು, ಅದು ಓಡುವಾಗ ಎಳೆಯುವುದರ ಐದಾರು ಪಟ್ಟು. ಒಬ್ಬೊಬ್ಬರೇ ಬಾವಿಗೆ ಹೋಗಿ ಸ್ವಿಚ್ ಹಾಕುತ್ತಿದ್ದಾಗ ಈ ಹೊರೆ ಹಿಂದುಮುಂದಾಗಿ ಬೀಳುತ್ತಿತ್ತು. ಆಟೋ ಸ್ಟಾರ್ಟರ್ ಬಂದ ಮೇಲೆ ಒಂದೇ ಟಿ.ಸಿ.ಗೆ ಜೋತುಬಿದ್ದ ಹತ್ತಿಪ್ಪತ್ತು ಮೋಟರುಗಳು ಒಂದೇ ಕ್ಷಣಕ್ಕೆ ಎದ್ದು ನಿಂತವು. ಫ್ಯೂಸ್ ಹೋಯಿತು, ಓಲ್ಟೇಜ್ ಕುಸಿಯಿತು, ಕೆಲವೊಮ್ಮೆ ಟಿ.ಸಿ.ಯೇ ಸುಟ್ಟಿತು. ಯಾವ ಮೋಟರೂ ತಪ್ಪು ಮಾಡಿರಲಿಲ್ಲ. ಎಲ್ಲವೂ ಒಟ್ಟಿಗೆ ಸರಿ ಮಾಡಿದ್ದೇ ತಪ್ಪಾಗಿತ್ತು.

ಇದೇ ಕಥೆ ಕಂಪ್ಯೂಟರ್ ಲೋಕದಲ್ಲಿ ದಿನವೂ ನಡೆಯುತ್ತದೆ. ಬ್ಯಾಂಕು, ರೈಲ್ವೆ, ಆಸ್ಪತ್ರೆ ಎಲ್ಲವುಗಳ ಹಿಂದೆ ನೂರಾರು, ಸಾವಿರಾರು ಸರ್ವರ್‌ಗಳಿವೆ. ಅವು ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತಿರುತ್ತವೆ. ನೋಡಿಕೊಳ್ಳುವವರು ಇನ್ನೆಲ್ಲೋ ಇರುತ್ತಾರೆ. ಬೆಂಗಳೂರಿನ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ ಹುಡುಗಿಯರ ಕೈಯಲ್ಲಿ ಅಮೆರಿಕ, ಯುರೋಪಿನ ಯಂತ್ರಗಳ ಲಗಾಮಿರುತ್ತದೆ. ಹಾಸನದ ಕಡೆಯಿಂದ ಹೋದವರೂ ಅವರಲ್ಲಿ ಉಂಟು.

ದೂರದ ಯಂತ್ರಕ್ಕೆ ಆಜ್ಞೆ ಕಳಿಸಲು ಇವರು ಬಳಸುವ ದಾರಿಯ ಹೆಸರು ಎಸ್‌ಎಸ್‌ಎಚ್, ಅಂದರೆ ಸೆಕ್ಯೂರ್ ಶೆಲ್. ಹಿಂದೆ ಟೆಲ್‌ನೆಟ್ ಎಂಬ ದಾರಿಯಿತ್ತು. ಅದರಲ್ಲಿ ಪಾಸ್‌ವರ್ಡ್ ಕೂಡ ಅಂಚೆ ಕಾರ್ಡಿನ ಬರಹದಂತೆ ಬಟಾಬಯಲಾಗಿ ಹೋಗುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕುಳಿತು ಪಾಸ್‌ವರ್ಡುಗಳನ್ನು ಕದ್ದರು. ಅದನ್ನು ಕಂಡು ಅಲ್ಲಿನ ಟಾಟು ಯಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದರು. ಹೋಗುವ ಮಾತೂ ಬರುವ ಉತ್ತರವೂ ಗುಪ್ತಲಿಪಿಯಲ್ಲಿ. ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳ ಬಾಗಿಲು ತೆರೆಯುವುದು ಇದರಿಂದಲೇ.

ಒಂದು ಯಂತ್ರವಾದರೆ ಒಂದು ಕಿಟಕಿ ಸಾಕು. ನೂರು ಯಂತ್ರಗಳಿದ್ದರೆ? ಒಂದೇ ಸಾಲನ್ನು ನೂರು ಸಲ ಟೈಪು ಮಾಡುವಷ್ಟರಲ್ಲಿ ಬೆಳಗಾಗುತ್ತದೆ. ಎಪ್ಪತ್ತನೆಯದರಲ್ಲಿ ಅಕ್ಷರ ತಪ್ಪುತ್ತದೆ, ಎಂಬತ್ತೊಂದನೆಯದು ಮರೆತೇ ಹೋಗುತ್ತದೆ. ಅದಕ್ಕಾಗಿ ಉಪಾಯಗಳು ಹುಟ್ಟಿದವು. ಕ್ಲಸ್ಟರ್ ಎಸ್‌ಎಸ್‌ಎಚ್ ಎಂಬುದು ಪರದೆಯ ಮೇಲೆ ಹತ್ತಾರು ಕಿಟಕಿ ತೆರೆದು, ಒಂದು ಕಡೆ ಒತ್ತಿದ ಅಕ್ಷರವನ್ನು ಎಲ್ಲದಕ್ಕೂ ಹಂಚುತ್ತದೆ. ಟಿ-ಮಕ್ಸ್ ಎಂಬುದು ಒಂದೇ ಪರದೆಯನ್ನು ಹೋಳು ಮಾಡಿ ಅದೇ ಕೆಲಸ ಮಾಡುತ್ತದೆ. 2012ರಲ್ಲಿ ಬಂದ ಆನ್ಸಿಬಲ್ ಇನ್ನೊಂದು ಹೆಜ್ಜೆ ಮುಂದೆ. ಕೆಲಸದ ಪಟ್ಟಿಯನ್ನು ಮೊದಲೇ ಬರೆದಿಟ್ಟರೆ ಯಂತ್ರಗಳ ಹೆಸರು ಹಿಡಿದು ಒಂದೊಂದಕ್ಕೂ ಅದೇ ಹೋಗಿ ಮಾಡಿಸಿ, ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ವರದಿ ಒಪ್ಪಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರ್ ಎಂದರೂ ಒಳಗಿರುವುದು ನೂರಾರು ಕಂಪ್ಯೂಟರ್‌ಗಳ ಒಕ್ಕಲೇ. ಒಂದೇ ಮಾತು ಎಲ್ಲರಿಗೂ ತಲುಪಿಸುವ ಏರ್ಪಾಡಿಲ್ಲದೆ ಅಂಥ ಸಂಸಾರ ನಡೆಯದು.

ಇಲ್ಲಿಯೇ ಆಟೋ ಸ್ಟಾರ್ಟರಿನ ಪಾಠ ನೆನಪಿಗೆ ಬರಬೇಕು. ಒಂದು ಗುಂಡಿಯಿಂದ ನೂರು ಕೆಲಸವಾಗುತ್ತದೆ ಎಂದರೆ, ಒಂದು ತಪ್ಪಿನಿಂದ ನೂರು ಅನಾಹುತವೂ ಆಗುತ್ತದೆ ಎಂದೇ ಅರ್ಥ. 2017ರ ಫೆಬ್ರುವರಿ 28ರಂದು ಅಮೆಜಾನ್ ಕಂಪನಿಯ ನೌಕರರೊಬ್ಬರು ಬೆರಳೆಣಿಕೆಯ ಸರ್ವರ್‌ಗಳನ್ನು ಸೇವೆಯಿಂದ ತೆಗೆಯಲು ಆಜ್ಞೆ ಕೊಟ್ಟರು. ಒಂದು ಪದ ತಪ್ಪಾಗಿ ಬಿತ್ತು. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಅವುಗಳನ್ನು ನೆಚ್ಚಿದ್ದ ಲೆಕ್ಕವಿಲ್ಲದಷ್ಟು ಜಾಲತಾಣಗಳು ಗಂಟೆಗಟ್ಟಲೆ ಸ್ತಬ್ಧವಾದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ದೋಷಯುಕ್ತ ಕಡತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡುವ ಕಾಲ ಮರಳಿ ಬಂತು. ಅದು ಎಸ್‌ಎಸ್‌ಎಚ್ ದಾರಿಯಲ್ಲಿ ಬಂದದ್ದಲ್ಲ, ನಿಜ. ಆದರೆ ಒಂದೇ ವಸ್ತುವನ್ನು ಎಲ್ಲರಿಗೂ ಒಂದೇ ಹೊತ್ತಿಗೆ ಉಣಿಸಿದ್ದರ ಫಲ ಎಂಬುದರಲ್ಲಿ ವ್ಯತ್ಯಾಸವೇನೂ ಇಲ್ಲ.

ಹಾಗಾದರೆ ಉಪಾಯವೇನು? ಅಡುಗೆಮನೆಯಲ್ಲಿ ಅದು ಹಿಂದಿನಿಂದಲೂ ಇದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಜಾಣ ನಿರ್ವಾಹಕರು ಮೊದಲು ಒಂದೇ ಯಂತ್ರಕ್ಕೆ ಆಜ್ಞೆ ಕೊಟ್ಟು ಫಲ ನೋಡುತ್ತಾರೆ. ಆಮೇಲೆ ಐದು, ಆಮೇಲೆ ಐವತ್ತು. ನಡುವೆ ಒಂದು ಮುಗ್ಗರಿಸಿದರೂ ಅಲ್ಲಿಗೇ ನಿಲ್ಲಿಸುತ್ತಾರೆ. ಆನ್ಸಿಬಲ್ ತಾನಾಗಿಯೂ ಒಂದು ಸಲಕ್ಕೆ ಐದೇ ಯಂತ್ರಗಳನ್ನು ಮುಟ್ಟುತ್ತದೆ. ಹೆಚ್ಚು ಬೇಕೆಂದರೆ ಕೇಳಿ ಪಡೆಯಬೇಕು. ಅಮೆಜಾನ್ ಕೂಡ ಆ ಘಟನೆಯ ನಂತರ ತನ್ನ ಸಲಕರಣೆಯನ್ನು ತಿದ್ದಿ, ಸರ್ವರ್‌ಗಳನ್ನು ನಿಧಾನವಾಗಿಯೇ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ತಡೆ ಹಾಕಿತು. ಆಟೋ ಸ್ಟಾರ್ಟರುಗಳಿಗೂ ಟೈಮರ್ ಉಂಟು. ಅಕ್ಕಪಕ್ಕದ ರೈತರು ಮಾತಾಡಿಕೊಂಡು ಒಬ್ಬೊಬ್ಬರು ಕೆಲವು ಸೆಕೆಂಡು ಬಿಟ್ಟು ಹೊರಡುವಂತೆ ಇಟ್ಟುಕೊಂಡರೆ ಟಿ.ಸಿ. ಉಳಿಯುತ್ತದೆ.

ಆದರೆ ಅಗುಳಿನ ಮಾತಿಗೂ ಒಂದು ಮಿತಿಯಿದೆ. ಒಂದೇ ಪಾತ್ರೆಯಲ್ಲಿ ಬೆಂದ ಅಗುಳುಗಳೆಲ್ಲ ಒಂದೇ. ಯಂತ್ರಗಳು ಹಾಗಲ್ಲ. ಒಂದು ಹಳೆಯದು, ಒಂದರ ಡಿಸ್ಕು ತುಂಬಿದೆ, ಒಂದು ಆಗಲೇ ಅರ್ಧ ಕೆಲಸ ಮುಗಿಸಿಕೊಂಡಿದೆ. ಅದಕ್ಕಾಗಿ ಆಜ್ಞೆಯನ್ನು ಬರೆಯುವ ರೀತಿಯೇ ಬೇರೆಯಾಗಬೇಕು. 'ತೊಟ್ಟಿಗೆ ಒಂದು ಕೊಡ ನೀರು ಸುರಿ' ಎಂದರೆ, ಎರಡು ಸಲ ಹೇಳಿದಾಗ ಎರಡು ಕೊಡ ಬೀಳುತ್ತದೆ, ತುಂಬಿದ ತೊಟ್ಟಿ ಉಕ್ಕುತ್ತದೆ. 'ತೊಟ್ಟಿ ತುಂಬಿರಲಿ' ಎಂದರೆ ಖಾಲಿ ಇದ್ದದ್ದು ತುಂಬುತ್ತದೆ, ತುಂಬಿದ್ದು ಸುಮ್ಮನಿರುತ್ತದೆ. ಎಷ್ಟು ಸಲ ಹೇಳಿದರೂ ಕೇಡಿಲ್ಲ. ನೂರು ಯಂತ್ರಗಳಿಗೆ ಹೇಳುವ ಮಾತು ಎರಡನೆಯ ಬಗೆಯದಾಗಿರಬೇಕು.

ದೂರದಿಂದ ಆಜ್ಞೆ ಕೊಡುವುದರ ಕಷ್ಟಸುಖ ಹಾಸನಕ್ಕೆ ಹೊಸದೇನಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಹಗಲಿರುಳೂ ಕಾಯುವುದು, ಅವು ಜಾಗ ಬಿಟ್ಟು ಜಾರಿದಾಗ ಸರಿಪಡಿಸುವುದು, ಸೂರ್ಯನ ಬೆಳಕು ಮರೆಯಾಗುವ ಗ್ರಹಣದ ದಿನಗಳಲ್ಲಿ ನೋಡಿಕೊಳ್ಳುವುದು ಅದರ ಹೊಣೆ. ಭೋಪಾಲದಲ್ಲಿ 2005ರಲ್ಲಿ ಎರಡನೆಯ ಕೇಂದ್ರ ಸಿದ್ಧವಾಯಿತು. ಹಾಸನದ ಮೊದಲ ಕೂಸು ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿ, ದಿಕ್ಕು ಸರಿಪಡಿಸುವ ಇಂಧನ ಬರಿದಾಗಿ ಸೆಪ್ಟೆಂಬರಿನಲ್ಲೇ ಕೈತಪ್ಪಿತು. ಮರುವರ್ಷದ ಇನ್ಸಾಟ್-1ಬಿ ಸೌರಫಲಕ ಬಿಚ್ಚದೆ ಹಟ ಹಿಡಿಯಿತು. ದಿನಗಟ್ಟಲೆ ಪ್ರಯತ್ನಪಟ್ಟ ಮೇಲೆ ಅದು ಬಿಚ್ಚಿತು, ಉಪಗ್ರಹ ಉಳಿಯಿತು. ದೇಶದ ಹಳ್ಳಿಗಳಿಗೆ ದೂರದರ್ಶನ ತಲುಪಿದ್ದು ಅದರ ಬೆನ್ನೇರಿ.

ಉಪಗ್ರಹದ ಬಳಿಗೆ ಯಾರೂ ಸ್ಕ್ರೂಡ್ರೈವರ್ ಹಿಡಿದು ಹೋಗಲಾರರು. ಮಾತು ಕೇಳಿಸಿಕೊಳ್ಳುವ ಕಿವಿಯನ್ನೇ ಮುಚ್ಚಿಸುವ ಆಜ್ಞೆ ಹೋದರೆ ಮುಂದೆ ಹೇಳುವುದಕ್ಕೆ ದಾರಿಯಿಲ್ಲ. ಸರ್ವರ್ ಲೋಕದಲ್ಲೂ ಇದು ಉಂಟು. ಕಳ್ಳರನ್ನು ತಡೆಯುವ ಫೈರ್‌ವಾಲ್ ಬಿಗಿಮಾಡಲು ಹೋಗಿ, ತಾನು ಬಂದ ಎಸ್‌ಎಸ್‌ಎಚ್ ಬಾಗಿಲನ್ನೇ ಮುಚ್ಚಿಕೊಳ್ಳುವುದು ಹೊಸಬರಿಗೆ ತಪ್ಪದ ಅನುಭವ. ಒಂದರಲ್ಲಾದರೆ ಯಾರಾದರೂ ಅಲ್ಲಿಗೆ ಹೋಗಿ ತೆರೆಯಬಹುದು. ನೂರರಲ್ಲಿ ಒಟ್ಟಿಗೇ ಆದರೆ ಆ ರಾತ್ರಿಗೆ ನಿದ್ದೆಯಿಲ್ಲ. ಇನ್ನು ನೂರು ಬಾಗಿಲಿನ ಬೀಗದ ಕೈ ಒಂದೇ ಗೊಂಚಲಲ್ಲಿದ್ದರೆ, ಗೊಂಚಲು ಕಳೆದವನು ಕಳೆದದ್ದು ಒಂದು ಮನೆಯನ್ನಲ್ಲ, ಇಡೀ ಊರನ್ನು.

ಕೊನೆಗೂ ಗುಂಡಿ ಒತ್ತುವುದು ಮನುಷ್ಯನ ಬೆರಳು. ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ, ದಣಿದಿದ್ದ ಎಂಜಿನಿಯರೊಬ್ಬರು ಎರಡು ಕಿಟಕಿಗಳಲ್ಲಿ ತಪ್ಪಾದದ್ದನ್ನು ಹಿಡಿದು, ಮುಖ್ಯ ಯಂತ್ರದ ಮಾಹಿತಿಯನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿತ್ತು. ಐದು ಬಗೆಯ ಬ್ಯಾಕಪ್ ಏರ್ಪಾಡಿನಲ್ಲಿ ಒಂದೂ ನೆಚ್ಚಿಕೆಗೆ ಬರಲಿಲ್ಲ. ಅದೇ ಎಂಜಿನಿಯರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಕಾಪಾಡಿತು. ಕಂಪನಿ ಯಾರನ್ನೂ ಬಲಿ ಕೊಡಲಿಲ್ಲ. ನಡೆದದ್ದನ್ನು ಮುಚ್ಚಿಡದೆ ಲೋಕಕ್ಕೆ ಹೇಳಿ, ಏರ್ಪಾಡನ್ನು ತಿದ್ದಿಕೊಂಡಿತು.

ಕಚೇರಿಗಳು ಕಲಿಯಬೇಕಾದದ್ದು ಇದನ್ನೇ. ರಾತ್ರಿ ಮೂರು ಗಂಟೆಗೆ ಒಬ್ಬನನ್ನೇ ಕೂರಿಸಿ, ನೂರು ಯಂತ್ರಗಳ ಗುಂಡಿ ಕೈಗೆ ಕೊಟ್ಟು, ಬೆಳಿಗ್ಗೆ ತಪ್ಪಾದಾಗ ಅವನತ್ತ ಬೆರಳು ತೋರಿಸುವುದು ಸುಲಭ. ಮೊದಲು ಒಂದರಲ್ಲಿ ನೋಡು, ಪಕ್ಕದವರಿಗೆ ಓದಿ ಹೇಳು, ಹಿಂದಕ್ಕೆ ಬರುವ ದಾರಿ ಇಟ್ಟುಕೋ ಎಂಬ ಮೂರು ಮಾತನ್ನು ನಿಯಮ ಮಾಡುವುದು ಸ್ವಲ್ಪ ನಿಧಾನದ ಕೆಲಸ. ಆ ನಿಧಾನಕ್ಕೆ ತಗಲುವುದು ಹತ್ತು ನಿಮಿಷ, ಅವಸರಕ್ಕೆ ಹತ್ತು ದಿನ.