ಜಾಹೀರಾತಿನ ಕಿಲೋಮೀಟರು, ಹೆದ್ದಾರಿಯ ಕಿಲೋಮೀಟರು

ಪುಣೆಯ ಕನ್ನಡಿಗರಲ್ಲಿ ವಿದ್ಯುತ್ ಕಾರಿನ ಮಾತು ಬಂದರೆ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ‘ಒಂದೇ ಚಾರ್ಜಿಗೆ ಊರು ಮುಟ್ಟುತ್ತಾ?’ ಎಂಬುದು. ಇಲ್ಲಿಂದ ಹುಬ್ಬಳ್ಳಿ ಸುಮಾರು 430 ಕಿ.ಮೀ. ಜಾಹೀರಾತು ನಂಬಿದರೆ ಉತ್ತರ ಸುಲಭ. ನನ್ನ ಪ್ರಕಾರ ಅಷ್ಟು ಸುಲಭವಲ್ಲ.

ಟಾಟಾ ಕರ್ವ್‌ನ 55 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿಯನ್ನೇ ನೋಡಿ. 2024ರಲ್ಲಿ ಬಂದಾಗ ಹೇಳಿದ್ದು 585 ಕಿ.ಮೀ. ಪರೀಕ್ಷೆಗೆ ಎರಡನೇ ಭಾಗವನ್ನೂ ಸೇರಿಸಿದಾಗ ಅದು 502ಕ್ಕೆ ಇಳಿಯಿತು. ನಿತ್ಯದ ಬಳಕೆಯಲ್ಲಿ ಮುಕ್ಕಾಲು ಪಾಲು ಗ್ರಾಹಕರಿಗೆ ಸಿಗಬಹುದೆಂದು ಕಂಪನಿಯೇ ಕೊಡುವ ಅಂದಾಜು 400ರಿಂದ 425. ಕಾರು ಒಂದೇ, ಬ್ಯಾಟರಿ ಒಂದೇ, ಅಂಕಿ ಮೂರು.

ಇದರಲ್ಲಿ ಸುಳ್ಳೇನಿಲ್ಲ. ನಮ್ಮಲ್ಲಿ ಎಂಐಡಿಸಿ ಎಂಬ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್‌ಗಳ ಮೇಲೆ, ಎಸಿ ಬಂದ್ ಮಾಡಿ. ಮೊದಲ ಭಾಗ ನಗರದ ಓಡಾಟದ್ದು, ಗರಿಷ್ಠ ವೇಗ 50 ಕಿ.ಮೀ. ಎರಡನೇ ಭಾಗದಲ್ಲೂ 90 ದಾಟುವುದಿಲ್ಲ. ನಮ್ಮ ಹೆದ್ದಾರಿಯಲ್ಲಿ ಕಾರುಗಳು ಓಡುವುದು ನೂರರ ಆಸುಪಾಸಿನಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 100ಕ್ಕೆ ಹೋದರೆ ಸುಮಾರು 2.8 ಪಟ್ಟು. ಜೊತೆಗೆ ಎಸಿ, ನಾಲ್ಕು ಜನ, ಹಬ್ಬದ ಗಂಟುಮೂಟೆ, ಖಂಬಾಟ್ಕಿ ಘಾಟಿನ ಏರು.

ಗೊಂದಲ ಹೆಚ್ಚುವುದು ಎರಡು ಕಾರುಗಳನ್ನು ಹೋಲಿಸುವಾಗ. ಹುಂಡೈ ಕ್ರೆಟಾ ಎಲೆಕ್ಟ್ರಿಕ್‌ನ 51.4 ಕಿಲೋವ್ಯಾಟ್ ಅವರ್ ಮಾದರಿ 2025ರಲ್ಲಿ ಬಂದಾಗ ಎರಡೂ ಭಾಗ ಸೇರಿಸಿ 473 ಕಿ.ಮೀ. ಎಂದಿತು. ಕರ್ವ್‌ನ 585ರ ಪಕ್ಕ ಇಟ್ಟರೆ 112 ಕಿ.ಮೀ. ಅಂತರ ಕಾಣುತ್ತದೆ. 502ರ ಪಕ್ಕ ಇಟ್ಟರೆ ಬರೀ 29. ಒಂದು ಕಾರಿನ ನಗರದ ಅಂಕಿಯನ್ನು ಇನ್ನೊಂದರ ಒಟ್ಟು ಅಂಕಿಯ ಜೊತೆ ತೂಗಿದರೆ ತಕ್ಕಡಿಯೇ ತಪ್ಪು.

ಮನೆ–ಕಚೇರಿ ಓಡಾಡುವವರಿಗೆ ಈ ಲೆಕ್ಕ ಮುಖ್ಯವಲ್ಲ. ರಾತ್ರಿ ಮನೆಯಲ್ಲೇ ಚಾರ್ಜ್ ಆಗುತ್ತದೆ. ಆದರೆ ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಹೋಗುವ ನಮಗೆ ಮುಖ್ಯ. 400 ಕಿ.ಮೀ. ಎಂದಿಟ್ಟುಕೊಂಡು ಶೇ 15 ಚಾರ್ಜ್ ಉಳಿಸಿಕೊಂಡರೆ 340. ಅಂದರೆ ಬೆಳಗಾವಿಯ ತನಕ, ಅದೂ ವೇಗ ಹದವಾಗಿದ್ದರೆ. ಹಾಗಾಗಿ ಸರಿಯಾದ ಉತ್ತರ: ಕೊಲ್ಹಾಪುರದಲ್ಲಿ ಒಮ್ಮೆ ನಿಲ್ಲಿ, ಶೇ 80ರವರೆಗೆ ಚಾರ್ಜ್ ಮಾಡಿ, ಊಟ ಮುಗಿಸಿ ಹೊರಡಿ. ಅಲ್ಲಿಂದ ಹುಬ್ಬಳ್ಳಿಯ ಸುಮಾರು 200 ಕಿ.ಮೀ. ಚಿಂತೆಯಿಲ್ಲದೆ ಮುಗಿಯುತ್ತದೆ.

ಪೆಟ್ರೋಲ್ ಕಾರಿನ ಮೈಲೇಜ್ ಅಂಕಿಯೂ ಉಬ್ಬಿದ್ದೇ. ಆದರೆ ಪೆಟ್ರೋಲ್ ಬಂಕ್ ಹೆಜ್ಜೆಗೊಂದಿದೆ, ತುಂಬಿಸಲು ಐದು ನಿಮಿಷ ಸಾಕು. ವಿದ್ಯುತ್ ಕಾರಿನಲ್ಲಿ ತಪ್ಪು ಅಂಕಿಯ ಬೆಲೆ ತೆರುವುದು ನಡುದಾರಿಯಲ್ಲಿ. ಆದ್ದರಿಂದ ಎಸಿ ಹಾಕಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಷ್ಟು ದೂರ ಓಡುತ್ತದೆ ಎಂಬುದನ್ನು ಪ್ರತಿ ಕಂಪನಿಯೂ ಪ್ರತ್ಯೇಕವಾಗಿ ಪ್ರಕಟಿಸುವಂತೆ ಸರ್ಕಾರ ನಿಯಮ ಮಾಡಬೇಕು. ಅಲ್ಲಿಯವರೆಗೆ ಷೋರೂಮಿನಲ್ಲಿ ನೀವೇ ಕೇಳಿ: ‘ಇದು ಒಂದನೇ ಭಾಗದ ಅಂಕಿಯೋ, ಎರಡೂ ಸೇರಿದ್ದೋ?’