ಮರುಪಾವತಿಯಷ್ಟೇ ಸಾಲದು

ವಿಜಯವಾಡದ ಆಟೋನಗರವಿರಲಿ, ವಿಶಾಖಪಟ್ಟಣದ ಆಟೋನಗರವಿರಲಿ, ಲಾರಿ ಓಡಿದರಷ್ಟೇ ಅಲ್ಲಿಯ ಅಂಗಡಿಗಳಿಗೆ ಅನ್ನ. ದಾರಿಯಲ್ಲಿ ಇ-ವೇ ಬಿಲ್ಲಿನ ಅವಧಿ ಮುಗಿದರೆ ಜಿಎಸ್‌ಟಿ ಕಾಯಿದೆಯ 129ನೇ ಕಲಮಿನಡಿ ಸರಕನ್ನು ತಡೆಹಿಡಿಯುವುದುಂಟು. ತಡೆದದ್ದೇ ತಪ್ಪೆಂದು ನ್ಯಾಯಾಲಯ ತೀರ್ಮಾನಿಸಿದಾಗ, ವ್ಯಾಪಾರಿ ವಕೀಲರಿಗೆ ತೆತ್ತ ಹಣವನ್ನು ತುಂಬಿಕೊಡುವವರು ಯಾರು?

ನೆರೆಯ ಹೈದರಾಬಾದಿನಲ್ಲಿ ಈ ಪ್ರಶ್ನೆಗೊಂದು ಉತ್ತರ ದೊರೆತಿದೆ. 2020ರ ಜನವರಿ 4ರಂದು ಸತ್ಯಂ ಶಿವಂ ಪೇಪರ್ಸ್ ಸಂಸ್ಥೆಯ ಕಾಗದದ ಸರಕು ರಾಜಕೀಯ ಮೆರವಣಿಗೆಯ ವಾಹನದಟ್ಟಣೆಯಲ್ಲಿ ಸಿಲುಕಿತು. ಮರುದಿನ ಭಾನುವಾರ. ಸೋಮವಾರ ಸರಕು ಮತ್ತೆ ಹೊರಟಾಗ ಬಿಲ್ಲಿನ ಅವಧಿ ಮುಗಿದಿತ್ತು. ವಂಚನೆಯ ಉದ್ದೇಶಕ್ಕೆ ಯಾವ ಆಧಾರವೂ ಇಲ್ಲದಿದ್ದರೂ ತೆರಿಗೆ, ದಂಡವೆಂದು 69,000 ರೂ. ವಸೂಲಾಯಿತು. 2021ರಲ್ಲಿ ತೆಲಂಗಾಣ ಹೈಕೋರ್ಟು ಆ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಲು ಹೇಳಿ, ವ್ಯಾಜ್ಯದ ಖರ್ಚೆಂದು 10,000 ರೂ. ವಿಧಿಸಿತು. ಇಲಾಖೆ ಅಲ್ಲಿಗೆ ಸುಮ್ಮನಾಗಬಹುದಿತ್ತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2022ರ ಜನವರಿ 12ರಂದು ಸರ್ವೋಚ್ಚ ನ್ಯಾಯಾಲಯ ಅರ್ಜಿಯನ್ನು ವಜಾಗೊಳಿಸಿ ಖರ್ಚಿಗೆ ಇನ್ನೂ 59,000 ರೂ. ಸೇರಿಸಿತು. ಒಟ್ಟು 69,000: ಕಿತ್ತುಕೊಂಡಷ್ಟೇ! ಈ ಅನಗತ್ಯ ವ್ಯಾಜ್ಯಕ್ಕೆ ಕಾರಣರಾದವರಿಂದಲೇ ಅದನ್ನು ವಸೂಲು ಮಾಡಿಕೊಳ್ಳುವ ಸ್ವಾತಂತ್ರ್ಯವನ್ನೂ ಸರ್ಕಾರಕ್ಕೆ ನೀಡಿತು.

ಆದರೆ ಇದು ನಿಯಮವಲ್ಲ, ನ್ಯಾಯಾಧೀಶರ ವಿವೇಚನೆಯ ಫಲ. ಆದಾಯ ತೆರಿಗೆಯ ಮೇಲ್ಮನವಿ ನ್ಯಾಯಮಂಡಳಿಗೂ ಖರ್ಚು ವಿಧಿಸುವ ಅಧಿಕಾರವಿದೆ. ಅದೂ ವಿವೇಚನೆಗೇ ಬಿಟ್ಟದ್ದು. ಸುಳ್ಳು ವ್ಯಾಜ್ಯಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮು ಕೊಡಿಸುವ ಪರಿಹಾರದ ಮಿತಿ 3,000 ರೂ. ಇದು ಒಂದು ದಿನದ ವಕೀಲರ ಶುಲ್ಕಕ್ಕೂ ಸಾಲದು. ಅಮೆರಿಕದಲ್ಲಿ 1980ರ ಕಾನೂನೊಂದರ ಪ್ರಕಾರ, ತನ್ನ ನಿಲುವಿಗೆ ಗಣನೀಯ ಸಮರ್ಥನೆಯಿತ್ತೆಂದು ತೋರಿಸಲಾಗದ ಸರ್ಕಾರ, ಗೆದ್ದ ಸಣ್ಣ ಉದ್ದಿಮೆಯ ವಕೀಲರ ಶುಲ್ಕವನ್ನು ಭರಿಸಬೇಕು. ಇಲ್ಲಿಗೂ ಅಂಥದೇ ವಿಧಿ ಬೇಕು.

ಹಾಗೆಂದು ಅಧಿಕಾರಿಯ ಜೇಬಿಗೇ ಮೊದಲು ಕೈ ಹಾಕುವುದು ವಿವೇಕವಲ್ಲ. ನಿಜವಾದ ವಂಚಕರೆದುರೂ ಅಂಜುವ ಅಧಿಕಾರಿಯಿಂದ ಪ್ರಾಮಾಣಿಕ ವ್ಯಾಪಾರಿಗೇ ಕೇಡು. ಇಲಾಖೆ ಮೊದಲು ಕೊಡಲಿ; ದುರುದ್ದೇಶ ರುಜುವಾತಾದರೆ ಮಾತ್ರ ಅಧಿಕಾರಿಯಿಂದ ವಸೂಲು ಮಾಡಲಿ.

ಕಾನೂನು ಬರುವವರೆಗೆ ವ್ಯಾಪಾರಿಯ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಗೆದ್ದವರಿಗೆ ವಾಸ್ತವವಾದ, ಸಮಂಜಸ ಖರ್ಚು ಸಿಗಬೇಕೆಂದು 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಓಡಾಟ, ವಸತಿಯ ವೆಚ್ಚವೂ ಅದರಲ್ಲಿ ಸೇರುತ್ತದೆ. ಆದರೂ ಅನೇಕ ಅರ್ಜಿಗಳಲ್ಲಿ ಖರ್ಚಿನ ಕೋರಿಕೆ ಕೊನೆಯ ಸಾಲಿನ ರೂಢಿಮಾತಾಗಿ ಉಳಿಯುತ್ತದೆ. ಜೊತೆಗೆ ಒಂದು ರಸೀದಿಯೂ ಇರುವುದಿಲ್ಲ. ಸರಕು ತಡೆಹಿಡಿದ ದಿನದಿಂದಲೇ ವಕೀಲರ ಬಿಲ್ಲು, ವಾಹನ ನಿಂತ ದಿನಗಳ ಬಾಡಿಗೆ, ಪ್ರಯಾಣದ ಚೀಟಿಗಳನ್ನು ಒಂದು ಕಡತದಲ್ಲಿಟ್ಟು, ಅರ್ಜಿಯೊಡನೆ ಲೆಕ್ಕ ಕೊಟ್ಟು ಮೊತ್ತವನ್ನು ಅಂಕಿಯಲ್ಲಿ ಕೇಳಬೇಕು.