ಹರಿತವೂ ಇರಿತವೂ

ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಭಾಷಾಂತರಗಳನ್ನು ತಿದ್ದುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ‘ಇನ್ಸಿಸಿವ್’, ‘ಟ್ರೆಂಚೆಂಟ್’, ‘ಕ್ರಿಸ್ಪ್’, ‘ಕಟಿಂಗ್’, ‘ಬೈಟಿಂಗ್’ ಇವುಗಳಲ್ಲಿ ಯಾವುದೇ ಬರಲಿ, ವಿದ್ಯಾರ್ಥಿಯ ಲೇಖನಿಯಿಂದ ಹೊರಡುವುದು ‘ತೀಕ್ಷ್ಣ’ ಎಂಬ ಒಂದೇ ಪದ. ತಪ್ಪು ಮಕ್ಕಳದಲ್ಲ, ಪದಕ್ಕೆ ಪದವಿಟ್ಟು ಬಾಯಿಪಾಠ ಮಾಡಿಸಿದ ನಮ್ಮದು. ಅಮರಕೋಶವನ್ನು ಕಂಠಸ್ಥ ಮಾಡಿ ಬೆಳೆದ ನನ್ನಂಥವರಿಗೂ ಪರ್ಯಾಯಪದಗಳೆಲ್ಲ ಸಮಾನವೆಂಬ ಭ್ರಮೆ ಬಹುಕಾಲ ಅಂಟಿಕೊಂಡಿತ್ತು.

ವಾಸ್ತವವಾಗಿ ಈ ಪದಗಳು ಒಂದೇ ಮನೆಯವಾದರೂ ಒಂದೇ ಸ್ವಭಾವದವಲ್ಲ. ‘ಇನ್ಸಿಸಿವ್’ ಎಂಬುದು ‘ಒಳಕ್ಕೆ ಕೊಯ್ಯು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದಿದೆ. ಬಾಚಿಹಲ್ಲಿನ ಇಂಗ್ಲಿಷ್ ಹೆಸರಿಗೂ ಇದೇ ಮೂಲ. ಶಸ್ತ್ರವೈದ್ಯನ ಕತ್ತಿಯಂತೆ ಅದು ವಿಷಯದ ಒಳಹೊಕ್ಕು ತಿರುಳನ್ನು ತೋರಿಸುತ್ತದೆ. ‘ಟ್ರೆಂಚೆಂಟ್’ ಹಳೆಯ ಫ್ರೆಂಚಿನ ‘ಕತ್ತರಿಸು’ ಎಂಬ ಕ್ರಿಯಾಪದದ ಸಂತಾನ. ಸತ್ಯ ಯಾವುದು, ಮಿಥ್ಯೆ ಯಾವುದು ಎಂದು ತೂಗಾಡದೆ ಬೇರ್ಪಡಿಸುವ ಬಲವುಳ್ಳ ಮಾತಿಗೆ ಅದು ಸಲ್ಲುತ್ತದೆ. ‘ಕ್ರಿಸ್ಪ್’ ಎಂದರೆ ಹಪ್ಪಳದ ಗರಿಗರಿ: ಜಡತೆಯಿಲ್ಲದ ಚುರುಕು. ‘ಸಕ್ಸಿಂಕ್ಟ್’ ಎಂಬ ಇನ್ನೊಂದು ಪದದ ಮೂಲಾರ್ಥ, ಉಡುಪನ್ನು ಮೇಲೆತ್ತಿ ಬಿಗಿದು ಕಟ್ಟಿದ್ದು ಎಂದು. ಕಚ್ಚೆ ಬಿಗಿದು ಹೊಲಕ್ಕಿಳಿದ ರೈತನನ್ನು ಕಂಡ ಹುಡುಗನಿಗೆ ಈ ಪದಕ್ಕೆ ಬೇರೆ ವ್ಯಾಖ್ಯಾನವೇ ಬೇಡ.

‘ಕಟಿಂಗ್’, ‘ಬೈಟಿಂಗ್’ಗಳ ದಾರಿ ಬೇರೆ. ಅಲ್ಲಿ ಅಲಗು ತಿರುಗಿರುವುದು ವಿಷಯದ ಕಡೆಗಲ್ಲ, ಕೇಳುವವನ ಎದೆಯ ಕಡೆಗೆ. ಈ ಭೇದವನ್ನು ನಾನು ನಿಘಂಟಿನಿಂದ ಕಲಿಯಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಹಲವು ವರ್ಷಗಳ ಹಿಂದೆ ಒಬ್ಬ ಬಾಲಕನ ಪ್ರಬಂಧದ ಕೆಳಗೆ ಒಂದು ಚಾಟೂಕ್ತಿಯನ್ನು ಬರೆದು ತರಗತಿಯಲ್ಲಿ ಓದಿದೆ. ಎಲ್ಲರೂ ನಕ್ಕರು, ನನ್ನ ಮಾತಿನ ಚಮತ್ಕಾರಕ್ಕೆ ನಾನೂ ಹಿಗ್ಗಿದೆ. ಆ ವರ್ಷ ಮುಗಿಯುವವರೆಗೆ ಆತ ತನ್ನದೆಂಬ ಒಂದು ವಾಕ್ಯವನ್ನೂ ಬರೆಯಲಿಲ್ಲ. ಎಲ್ಲವೂ ಗೈಡಿನ ನಕಲು. ‘ಮೂರನೆಯ ವಾಕ್ಯದಲ್ಲಿ ಕರ್ತೃಪದವಿಲ್ಲ’ ಎಂದು ಬರೆದಿದ್ದರೆ ತಪ್ಪು ತಿಳಿಯುತ್ತಿತ್ತು, ಹುಡುಗ ಉಳಿಯುತ್ತಿದ್ದ. ನಾನು ಹರಿತವೆಂದು ಭಾವಿಸಿದ್ದು ಇರಿತವಾಗಿತ್ತು.

ಆದ್ದರಿಂದ ಶಬ್ದವಿವೇಕವು ಕೇವಲ ಅಂಕ ಗಳಿಕೆಯ ಸಾಧನವಲ್ಲ, ಆಚಾರದ ಭಾಗವೆಂದೇ ನನ್ನ ಅಭಿಮತ. ಶರಣರು ಡಾಂಭಿಕತೆಯನ್ನು ಖಂಡಿಸುವಾಗ ಎಳ್ಳಷ್ಟೂ ಮೃದುವಾಗಲಿಲ್ಲ. ಆದರೆ ಅದೇ ಅಲಗಿಗೆ ಮೊದಲು ತಮ್ಮನ್ನೇ ಒಡ್ಡಿಕೊಂಡರು. ಬಸವಣ್ಣನವರು ನುಡಿಯ ಲಕ್ಷಣ ಹೇಳಲು ಆರಿಸಿಕೊಂಡದ್ದು ಮುತ್ತು, ಮಾಣಿಕ್ಯ, ಸ್ಫಟಿಕಗಳನ್ನು. ಅಲ್ಲಿ ಹೊಳಪುಂಟು, ಪಾರದರ್ಶಕತೆಯುಂಟು, ಗಾಯವಿಲ್ಲ.

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಪದದ ಅರ್ಥದೊಡನೆ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನೂ ಉದಾಹರಣೆ ಸಹಿತ ಕಲಿಸೋಣ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಪ್ರತಿ ತರಗತಿಗೆ ಪ್ರಯೋಗಸಹಿತವಾದ ಒಂದು ಒಳ್ಳೆಯ ನಿಘಂಟನ್ನು ಒದಗಿಸಿದರೆ ಅದು ಕಟ್ಟಡಕ್ಕೆ ಕೊಟ್ಟ ಕಲ್ಲಿಗಿಂತ ಕಡಿಮೆಯ ದಾನವಲ್ಲ. ಕತ್ತಿಯನ್ನು ಮಸೆಯುವುದು ವಿದ್ಯೆ. ಅದನ್ನು ಯಾವುದರ ಮೇಲೆ ಆಡಿಸಬೇಕೆಂದು ಅರಿಯುವುದು ವಿವೇಕ. ಶಾಲೆ ಎರಡನ್ನೂ ಕಲಿಸಬೇಕು.